ಬಗ್ಗಿ ನೋಡದ ಟೈರು

ಹೋದ ವಾರ ಕಾರಿನ ಎಂಓಟಿಗೆಂದು ಹೊಸ ಗ್ಯಾರೇಜೊಂದಕ್ಕೆ ಹೋಗಿದ್ದೆ. ಎಂಓಟಿ ಎಂದರೆ ಈ ದೇಶದಲ್ಲಿ ವರ್ಷಕ್ಕೊಮ್ಮೆ ಕಾರಿಗೆ ಮಾಡಿಸಲೇಬೇಕಾದ ತಪಾಸಣೆ. ಬಾಗಿಲು ದೂಡಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಗ್ಯಾರೇಜಿನವರು... ಅಂದರೆ ನಮ್ಮ ಹಳೆಯ ಗ್ಯಾರೇಜಿನವರು, ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು "ಟೀ ಕುಡೀತೀರಾ ಡಾಕ್ಟರೇ?" ಎಂದು ಕೇಳುತ್ತಾರೇನೋ ಅನ್ನಿಸಿ ಒಂದು ಗಳಿಗೆ ಹಾಗೇ ನಿಂತುಬಿಟ್ಟೆ.

ಅವರ ಗ್ಯಾರೇಜು ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಮನೆಯಿಂದ ಎರಡು ಬೀದಿ ಆಚೆ, ರೈಲು ಹಳಿಯ ಇಟ್ಟಿಗೆ ಕಮಾನಿನ ಕೆಳಗಿತ್ತು. ಮೇಲೆ ರೈಲು ಹೋದಾಗಲೆಲ್ಲ ಕಾಯುವ ಕೋಣೆಯ ಟೀ ಕಪ್ಪುಗಳು ಗಡಗಡ ಅನ್ನುತ್ತಿದ್ದವು. ಅರವತ್ತರ ಹತ್ತಿರದ ಮನುಷ್ಯ, ಒಬ್ಬರೇ ದುಡಿಯುತ್ತಿದ್ದರು. ಪೋಲೆಂಡಿನವರಿರಬೇಕು ಎಂದುಕೊಂಡಿದ್ದೆವು. ಯಾರಾದರೂ ಊರು ಕೇಳಿದರೆ "ಆ ಕಡೆಯವನೇ" ಎಂದಷ್ಟೇ ಹೇಳುತ್ತಿದ್ದರು. ಆ ಕಡೆ ಅಂದರೆ ಯಾವ ಕಡೆ? ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲೇ.

ನಾನು ಹುಟ್ಟಾ ಅನುಮಾನದವಳು. ಮೈಸೂರಿನಲ್ಲಿ ನಮ್ಮಮ್ಮ ದಿನಾ ಬೆಳಿಗ್ಗೆ ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುತ್ತಿದ್ದಳು, ಅವಳ ಮಗಳಲ್ಲವೇ ನಾನು! ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಕೆಲಸಕ್ಕೆ ಈ ಗುಣ ಒಳ್ಳೆಯದೇ. ಎದೆನೋವು ಎಂದು ಬಂದವರನ್ನೆಲ್ಲ ಗ್ಯಾಸ್ಟ್ರಿಕ್ ಎಂದು ಮನೆಗೆ ಕಳಿಸಲಾಗುತ್ತದೆಯೇ? ಆದರೆ ಮನೆಯಲ್ಲಿ ಯಜಮಾನರು "ಅನುಮಾನದ ಪಿಶಾಚಿ" ಎಂದೇ ರೇಗಿಸುತ್ತಾರೆ.

ಯಜಮಾನರು ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಗೆ ರೈಲಿನಲ್ಲಿ ಹೋಗುತ್ತಿದ್ದರಿಂದ ಅವರ ಕಾರು ವರ್ಷಗಟ್ಟಲೆ ಮನೆಯ ಮುಂದೆಯೇ ನಿಂತಿರುತ್ತಿತ್ತು. ಗ್ಯಾರೇಜಿನವರು ಆ ದಾರಿಯಲ್ಲಿ ನಡೆದು ಹೋಗುವಾಗ ನನ್ನನ್ನು ಕಂಡರೆ ಸಾಕು, "ಡಾಕ್ಟರೇ, ಅದನ್ನ ವಾರಕ್ಕೊಂದ್ಸಲ ಚಕ್ರ ಕಾಲು ಸುತ್ತು ತಿರುಗೋವಷ್ಟಾದ್ರೂ ಸರಿಸಿ. ನಿಂತ ಗಾಡಿ ನಿಂತಲ್ಲೇ ಸಾಯುತ್ತೆ" ಎನ್ನುತ್ತಿದ್ದರು. ನಮ್ಮ ಕಾರು ಸರಿದಿದೆಯೋ ಇಲ್ಲವೋ ಇವನಿಗೇಕೆ ಉಸಾಬರಿ ಎಂದು ನಾನು ಕಿಟಕಿಯ ಪರದೆ ಸರಿಸಿ, ಅವರು ಮೂಲೆ ತಿರುಗುವವರೆಗೂ ನೋಡುತ್ತಿದ್ದೆ. ಹೌದು, ಆಗ ಮನಸ್ಸಿನಲ್ಲಿ 'ಇವನು' ಎಂದೇ ಅನ್ನುತ್ತಿದ್ದೆ.

ರಷ್ಯಾದ ಸೈನ್ಯ ಉಕ್ರೇನಿನೊಳಕ್ಕೆ ನುಗ್ಗಿದ ಹೊಸತು. ನಮ್ಮ ಬೀದಿಯ ಕಿಟಕಿ ಕಿಟಕಿಯಲ್ಲೂ ಉಕ್ರೇನಿನ ನೀಲಿ ಹಳದಿ ಬಾವುಟ. ಗ್ಯಾರೇಜಿನಲ್ಲಿ ಮಾತ್ರ ಇಲ್ಲ. ಅದನ್ನೂ ನಾನು ಗಮನಿಸಿದ್ದೆ. ಯಜಮಾನರ ಕಾರನ್ನು ಎಂಓಟಿಗೆ ಬಿಟ್ಟು, ಮಧ್ಯಾಹ್ನ ಕ್ಲಿನಿಕ್ಕಿನಿಂದ ನೇರವಾಗಿ ತರಲು ಹೋದೆ. ಗ್ಯಾರೇಜಿನವರು ಸ್ಪ್ಯಾನರ್ ಹಿಡಿದು ಟಿವಿಯ ಮುಂದೆ ನಿಂತಿದ್ದರು. ಪರದೆಯ ಮೇಲೆ ರಷ್ಯಾ ಸೈನ್ಯದ ಲಾರಿಗಳು, ಒಂದರ ಹಿಂದೆ ಒಂದು, ರಸ್ತೆಯುದ್ದಕ್ಕೂ ಅಲ್ಲಾಡದೆ ನಿಂತಿದ್ದವು. ಒಂದು ಲಾರಿ ಪಕ್ಕದ ಹೊಲದ ಕೆಸರಿಗಿಳಿದು ವಾಲಿತ್ತು, ಅದರ ಟೈರು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹೋಗಿತ್ತು.

"ಅಯ್ಯೋ, ಹೊಲಕ್ಕೆ ಇಳಿಸಬಾರದಿತ್ತು..." ಎಂದು ಲೊಚಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಗುಂಡು ಬಿದ್ದು ಹೋಗಿದ್ದಲ್ಲ ಡಾಕ್ಟರೇ. ವರ್ಷಗಟ್ಟಲೆ ಒಂದೇ ಮಗ್ಗುಲು ಬಿಸಿಲಿಗೆ ಕೊಟ್ಟು ನಿಂತು ಹೋಗಿದ್ದು. ಮುಂದಿನ ಲಾರಿ ಕೆಟ್ರೆ ಹಿಂದಿನದೆಲ್ಲಾ ನಿಲ್ಲುತ್ತೆ. ಆಮೇಲೆ ಡೀಸೆಲ್ ಬರಲ್ಲ, ಬ್ರೆಡ್ ಬರಲ್ಲ. ಒಳಗಿರೋ ಹುಡುಗರಿಗೆ ತಾವು ಎಲ್ಲಿಗೆ ಬಂದಿದೀವಿ ಅಂತಲೂ ಗೊತ್ತಿರಲ್ಲ" ಎಂದರು.

"ಕಂಡವರ ಮನೆಗೆ ನುಗ್ಗಿದೋರಿಗೆ ಊಟ ಬೇರೆ ಹಾಕಬೇಕಾ?" ಎಂದೆ, ಸ್ವಲ್ಪ ಬಿರುಸಾಗಿಯೇ.

"ಹಾಕಬಾರದು. ನುಗ್ಗಲೂಬಾರದಿತ್ತು. ಆದರೂ..." ಎಂದು ಮತ್ತೆ ಟಿವಿಯ ಕಡೆ ತಿರುಗಿದರು. ನನ್ನ ಕಿವಿಗೆ ಬಿದ್ದದ್ದು ಆ 'ಆದರೂ' ಮಾತ್ರ. ಓಹೋ, ಇವನು ಆ ಕಡೆಯವನೇ ಸರಿ ಎಂದುಕೊಂಡೆ.

ಅದರ ಬೆನ್ನಿಗೇ ಅವರು ನಮ್ಮ ಕಾರು ಫೇಲ್ ಎಂದರು. ಟೈರಂತೆ! ಹೆಚ್ಚು ಓಡದ ಕಾರು, ಟೈರಿನ ಗೆರೆಗಳೆಲ್ಲ ಹೊಸದರಂತೆಯೇ ಇದ್ದವು. "ಸೀಳಿರೋದು ಒಳಮಗ್ಗುಲಲ್ಲಿ. ಬನ್ನಿ, ನಾನು ದೀಪ ಹಿಡೀತೀನಿ, ನೀವೇ ಬಗ್ಗಿ ನೋಡಿ" ಎಂದು ಕರೆದರು. ನಾನು ಕೆನೆ ಬಣ್ಣದ ಒಳ್ಳೆಯ ಕೋಟು ಹಾಕಿದ್ದೆ, ನೆಲವೆಲ್ಲ ಎಣ್ಣೆ. ಬೇಡ ಎಂದೆ. ಕೀಲಿ ಇಸಕೊಂಡು ಹೊರಗೆ ಬಂದು, ಕಾರಿನಲ್ಲಿ ಕೂತು ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ. "ಕಮಾನಿನ ಕೆಳಗಿನ ಗ್ಯಾರೇಜಿಗೆ ಹೋಗೋರು ಹುಷಾರು. ಹೊಸಾ ಟೈರನ್ನೂ ಫೇಲ್ ಮಾಡ್ತಾರೆ. ಸಾಲದ್ದಕ್ಕೆ ನುಗ್ಗಿದ ಸೈನ್ಯದ ಪರ ಮಾತು ಬೇರೆ."

ಡಾಕ್ಟರು ಬರೆದದ್ದು ನೋಡಿ, ಯಾರೂ ಏಕೆ, ಏನು ಎಂದು ಕೇಳಲಿಲ್ಲ. ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಂದವು. ಯಾರೋ ಅದನ್ನು ಇಂಗ್ಲಿಷಿಗೆ ಮಾಡಿ ಗುಜರಾತಿಗಳ ಗುಂಪಿಗೂ ಕಳಿಸಿದರು. ಯಜಮಾನರು ಕಾರನ್ನು ಬೇರೆ ಕಡೆ ಕೊಂಡೊಯ್ದು ಪಾಸು ಮಾಡಿಸಿಕೊಂಡು ಬಂದರು. "ನೋಡಿದ್ರಾ, ನಾನು ಹೇಳ್ಲಿಲ್ವಾ?" ಎಂದು ಬೀಗಿದೆ.

ಆ ಬೇಸಿಗೆಯಲ್ಲಿ ಮಗಳನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಸ್ಟಾಕ್‌ಪೋರ್ಟಿನ ತಂಗಿಯ ಮನೆಗೆ ಹೊರಟಿದ್ದೆ. ಮೋಟರ್‌ವೇಯಲ್ಲಿ ಟೈರು ಸಿಡಿಯಿತು. ಹೇಗೆ ಅಂಚಿಗೆ ತಂದು ನಿಲ್ಲಿಸಿದೆನೋ ದೇವರಿಗೇ ಗೊತ್ತು. ತಡೆಗೋಡೆಯ ಆಚೆ ಹುಲ್ಲಿನ ಮೇಲೆ ನಿಂತು ಮಗಳು "ಐ ಥಾಟ್ ವಿ ವರ್ ಡೆಡ್, ಅಮ್ಮಾ" ಎಂದು ನನ್ನ ತೋಳು ಬಿಡದೆ ಅಳುತ್ತಿದ್ದಳು. ಕಾರನ್ನು ಎಳೆದೊಯ್ಯಲು ಬಂದವನು ಟೈರನ್ನು ತಿರುಗಿಸಿ ನೋಡಿ, "ಒಳಮಗ್ಗುಲು ಎಂದೋ ಸೀಳಿದೆ, ಯಾರೂ ಹೇಳ್ಲಿಲ್ವಾ?" ಎಂದ.

ಮರುದಿನವೇ ಕಾರನ್ನು ಎಳೆಸಿಕೊಂಡು ಕಮಾನಿನ ಕೆಳಗಿನ ಗ್ಯಾರೇಜಿಗೆ ಹೋದೆ. ಹಾಡುಹಗಲು, ಅಲ್ಲಿ ಬೇರೆ ಒಂದು ಕಾರೂ ಇಲ್ಲ. ನಡೆದದ್ದನ್ನು ಹೇಳಿದೆ. ಅವರು "ಮಗು ಹೇಗಿದೆ?" ಎಂದಷ್ಟೇ ಕೇಳಿ, ಕೆಟಲ್ ಹಚ್ಚಿ, ಸ್ಟೂಲ್ ಎಳೆದುಕೊಂಡು ಕೂತರು.

ಅವರು ಲಿಥುವೇನಿಯಾದವರು. ಆ ದೇಶ ಆಗ ಸೋವಿಯತ್ ಒಕ್ಕೂಟದೊಳಗಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೋವಿಯತ್ ಸೈನ್ಯ ಅವರನ್ನು ಕಡ್ಡಾಯವಾಗಿ ಸೇರಿಸಿಕೊಂಡು ಲಾರಿ ಓಡಿಸಲು ಹಚ್ಚಿತ್ತಂತೆ. ಯಾರ್ಡಿನಲ್ಲಿ ನಿಂತ ಲಾರಿಗಳನ್ನು ಆಗಾಗ ಸರಿಸಿ, ಟೈರು ನೋಡಿ, ಪುಸ್ತಕದಲ್ಲಿ ಸಹಿ ಹಾಕಬೇಕು. ಹಲ್ಲು ಕಟಕಟ ಅನ್ನುವ ಚಳಿ, ಯಾರು ಹೋಗುತ್ತಾರೆ? ಇಡೀ ಚಳಿಗಾಲ ಒಲೆಯ ಪಕ್ಕ ಕೂತೇ ಸಹಿ ಹಾಕಿದರಂತೆ. ಆಮೇಲೆ ಯುದ್ಧಕ್ಕೆಂದು ಅವೇ ಲಾರಿಗಳನ್ನು ಅಫ್ಘಾನಿಸ್ತಾನದ ಬೆಟ್ಟ ಹತ್ತಿಸಿದರು. ಒಂದು ತಿರುವಿನಲ್ಲಿ ಮುಂದಿನ ಲಾರಿಯ ಟೈರು ಸಿಡಿದು ಸಾಲೆಲ್ಲ ನಿಂತಿತು. ಮೇಲಿನಿಂದ ಗುಂಡು ಬಿದ್ದವು. ಆ ಲಾರಿ ಓಡಿಸುತ್ತಿದ್ದವನು ಇವರ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯ...

"ನಾವು ಅಲ್ಲಿಗೆ ಹೋಗಲೇಬಾರದಿತ್ತು ಡಾಕ್ಟರೇ, ಅವರು ಹೊಡೆದದ್ದು ನ್ಯಾಯವೇ. ಆದರೂ ಆ ಸಹಿ ನಂದು" ಎಂದರು. "ಈ ಬೀದೀಲಿ ಅಫ್ಘಾನಿಸ್ತಾನದವರಿದ್ದಾರೆ. ಅವರ ಕಾರೂ ನಾನೇ ನೋಡೋದು. ಯಾವೂರು ಅಂತ ಕೇಳಿದ್ರೆ ಏನು ಹೇಳಲಿ?"

ಅವರು ಹೊಸ ಟೈರು ಉರುಳಿಸಿ ತರುತ್ತಾ, ನನ್ನ ಕಡೆ ನೋಡದೆಯೇ ಕೇಳಿದರು. "ನಿಮ್ಮ ಜನ ಯಾರೂ ಬರ್ತಿಲ್ಲ ಈಗ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

"ಇಲ್ಲ" ಎಂದೆ.

ಅವರು ತಲೆಯಾಡಿಸಿ ಕೆಲಸ ಶುರು ಮಾಡಿದರು. ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಕೇಳಿದರೇ? ಇವತ್ತಿಗೂ ನನಗೆ ಅನುಮಾನ. ಗುಂಪಿನಲ್ಲಿ ತಪ್ಪಾಯಿತು ಎಂದು ಬರೆಯಬೇಕು, ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ... ಜನ ಏನೆಂದಾರು ಎಂಬ ಸಂಕೋಚ, ಜೊತೆಗೆ ಡಾಕ್ಟರೆಂಬ ಹಮ್ಮು ಬೇರೆ. ನಾಚಿಕೆಗೇಡು. ಮುಂದಿನ ಯುಗಾದಿಯ ಹೊತ್ತಿಗೆ ಅವರ ಗ್ಯಾರೇಜಿನ ಶಟರ್ ಎಳೆದಿತ್ತು. ಗ್ಯಾರೇಜಿನವರು ತಮ್ಮ ಅಕ್ಕನ ಊರಿಗೆ ಹೋದರೆಂದು ಪಕ್ಕದ ಅಫ್ಘಾನಿ ಬೇಕರಿಯವರು ಹೇಳಿದರು. ಮರುವರ್ಷ ಅದೇ ಬೇಕರಿಯವರು, ಗ್ಯಾರೇಜಿನವರಿಗೆ ಹೃದಯಾಘಾತವಂತೆ, ತೀರಿಹೋದರಂತೆ ಎಂದರು. "ನಮ್ಮ ಕಾರನ್ನ ಅವರ ಹಾಗೆ ಇನ್ಯಾರೂ ನೋಡಲ್ಲ" ಎಂದು ಕಣ್ಣೊರೆಸಿಕೊಂಡರು.

ಹೋದ ವಾರ ಹೊಸ ಗ್ಯಾರೇಜಿನವನು ಹತ್ತೇ ನಿಮಿಷದಲ್ಲಿ "ಆಲ್ ಗುಡ್, ಲವ್" ಎಂದು ಇಲ್ಲಿನವರ ಎಂದಿನ ಸಲಿಗೆಯಲ್ಲಿ ಹೇಳಿ ಸರ್ಟಿಫಿಕೇಟು ಕೈಗಿಟ್ಟ. ನಾನು ಬ್ಯಾಗಿನಿಂದ ಗಂಟಲು ನೋಡುವ ಟಾರ್ಚು ತೆಗೆದೆ. ಅದೇ ಕೆನೆ ಬಣ್ಣದ ಕೋಟಿನಲ್ಲಿ ಎಣ್ಣೆಯ ನೆಲದ ಮೇಲೆ ಮಂಡಿಯೂರಿ ನಾಲ್ಕೂ ಟೈರಿನ ಒಳಮಗ್ಗುಲು ನೋಡಿದೆ. ಅವನು ನಗುತ್ತಿದ್ದ, ನಗಲಿ ಬಿಡಿ ಎಂದುಕೊಂಡೆ.

ಕಾರಿನಲ್ಲಿ ಕೂತು ಗುಂಪು ತೆರೆದು ಬರೆದೆ. "ಕಮಾನಿನ ಕೆಳಗಿನ ಗ್ಯಾರೇಜಿನ ಬಗ್ಗೆ ನಾನು ಹಿಂದೆ ಬರೆದದ್ದು ಸುಳ್ಳು. ಟೈರನ್ನು ನಾನು ಬಗ್ಗಿ ನೋಡಿಯೇ ಇರಲಿಲ್ಲ. ಅವರಷ್ಟು ಪ್ರಾಮಾಣಿಕರನ್ನು ನಾನು ಈ ಊರಿನಲ್ಲಿ ಕಂಡಿಲ್ಲ."

ಹೋದ ತಿಂಗಳಷ್ಟೇ ಬೆಂಗಳೂರಿನಿಂದ ಬಂದು ಗುಂಪಿಗೆ ಸೇರಿದ ಹುಡುಗಿಯೊಬ್ಬಳು ತಕ್ಷಣ ಉತ್ತರಿಸಿದಳು. "ಥ್ಯಾಂಕ್ಸ್ ಆಂಟಿ! ನಮ್ಮ ಕಾರಿಗೂ ಈ ತಿಂಗಳೇ ಎಂಓಟಿ. ಅವರ ನಂಬರ್ ಇದ್ರೆ ಕಳಿಸ್ತೀರಾ?"

ನಂಬರ್ ನನ್ನ ಫೋನಿನಲ್ಲಿ ಇನ್ನೂ ಇದೆ.