ನಕ್ಷೆಯ ಮೇಲಿನ ಚೌಕ

ಎರಡು ಸಾವಿರದ ದಶಕದಲ್ಲಿ ಹಲಸೂರಿನ ಆಚೆಗೆ ಮೆಟ್ರೊ ಬರುತ್ತದೆ ಎಂದಾಗ ನಾನು ಪತ್ರಿಕೆಯೊಂದರಲ್ಲಿ ನಗರ ವರದಿಗಾರ. ನಿಲ್ದಾಣ ಎಲ್ಲಿರಬೇಕೆಂದು ಜನರನ್ನೇ ಕೇಳಲು ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಕರೆದಿದ್ದರು. ವಧೂವರರ ಕುರ್ಚಿಗಳಲ್ಲಿ ಇಬ್ಬರು ಎಂಜಿನಿಯರುಗಳು ಕೂತಿದ್ದರು. ಹಿಂದೆ ನಕ್ಷೆ, ಅದರ ಮೇಲೆ ನಿಲ್ದಾಣದ ಗುರುತಾಗಿ ಒಂದು ಕೆಂಪು ಚೌಕ.

ಇಂದಿರಾನಗರದ ನಿವೃತ್ತರೊಬ್ಬರು ಮೊದಲು ಎದ್ದರು. “ಸ್ಟೇಷನ್ ಬೇಕೇ ಬೇಕು ಸಾರ್. ಐದ್ ನಿಮಿಷ ನಡಿಯೋ ಹಾಗಿದ್ರೆ ಸಾಕು. ಆದ್ರೆ ನಮ್ ರೋಡಲ್ಲಿ ಬೇಡ.”

ಆಮೇಲೆ ಎದ್ದವರೆಲ್ಲ ಅದನ್ನೇ ಹೇಳಿದರು, ರಸ್ತೆ ಮಾತ್ರ ಬೇರೆ. ಎಂಜಿನಿಯರು ಎಲ್ಲರ ಐದು ನಿಮಿಷಗಳನ್ನೂ ಗೌರವಿಸಿ, ಚೌಕವನ್ನು ಸರಿಸುತ್ತ ಸರಿಸುತ್ತ ಮರ್ಫಿ ಟೌನ್ ಪಕ್ಕದ ಒಂದು ವಠಾರದ ಮೇಲೆ ತಂದು ನಿಲ್ಲಿಸಿದರು. ಅಲ್ಲಿಂದ ಯಾರೂ ಬಂದಿರಲಿಲ್ಲ. ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ವಠಾರದವರಿಗೆ ದುಡಿಯುವ ಕೆಟ್ಟ ಅಭ್ಯಾಸವಿತ್ತು.

ಮಧ್ಯಾಹ್ನ ನಾನು ಉಣ್ಣುತ್ತಿದ್ದದ್ದು ಅಲ್ಲೇ. ಗುಲ್ಬರ್ಗ ಕಡೆಯ ಹೆಂಗಸೊಬ್ಬರು ಬಾಡಿಗೆ ಕೋಣೆಯೊಂದರಲ್ಲಿ ಜೋಳದ ರೊಟ್ಟಿ ಬಡಿದು ಗಾರೆ ಕೆಲಸದವರಿಗೆ ಊಟ ಹಾಕುತ್ತಿದ್ದರು. ಚೌಕ ಅಲ್ಲೇ ಉಳಿದರೆ ಕೋಣೆ ಹೋಗುತ್ತಿತ್ತು. ಮಾಲೀಕರಿಗೆ ಪರಿಹಾರ, ಬಾಡಿಗೆಯವರಿಗೆ ನೋಟಿಸು. ಮಾಲೀಕರು ಅಲ್ಲಿನ ಹಳೆಯ ಹಳ್ಳಿಯ ಗೌಡರು, ಹೊಲವಿದ್ದಲ್ಲೇ ಸಾಲುಕೋಣೆ ಕಟ್ಟಿಸಿದವರು. ಈಗ ಅದು ತೊಲಗಿದರೆ ಸಾಕೆಂದಿದ್ದರು.

ಆಕ್ಷೇಪಣೆಗೆ ಒಂದು ಫಾರಂ ಇತ್ತು. ಅದರಲ್ಲಿ ಹೆಸರಿಗೆ ಜಾಗವಿರಲಿಲ್ಲ. ಮನೆಯ ಖಾತೆ ಸಂಖ್ಯೆ ಬರೆದರೆ ಮನುಷ್ಯ ತಾನೇ ಸಿಗುತ್ತಾನೆ ಎಂಬುದು ಯೋಜನಾ ಕಚೇರಿಯ ನಂಬಿಕೆ. ಆಕೆ ಕೈಯ ಹಿಟ್ಟು ಒರೆಸಿಕೊಂಡು, ಗೂಡಿನಿಂದ ಕರೆಂಟ್ ಬಿಲ್ ತೆಗೆದು, ಮೀಟರ್ ನಂಬರನ್ನು ಅಲ್ಲಿ ಬರೆದರು.

“ನಮಗ ಗೊತ್ತಿರೂದು ಇದೊಂದ ನಂಬರ್ ನೋಡ್ರಿ. ತಿಂಗಳಾ ತಿಂಗಳಾ ಬಿಲ್ ಕಟ್ಟೂದು ನಾವ.”

ವರದಿಗಾರ ಸುದ್ದಿಯೊಳಗೆ ಕೈ ಹಾಕಬಾರದು ಎಂದು ನನಗೆ ಕಲಿಸಿದ್ದರು. ಆದ್ದರಿಂದ ಅದು ಖಾತೆ ಸಂಖ್ಯೆಯಲ್ಲ ಎನ್ನದೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆದರೆ ಆ ಓಣಿಯಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಮುಗಿಯದೆ ಖಾತೆಗಳೆಲ್ಲ ಗೋಜಲಾಗಿದ್ದವು. ಸಮೀಕ್ಷೆಯವರು ಬೇಸತ್ತು ಮನೆಗಳನ್ನು ಮೀಟರ್ ನಂಬರಿನಿಂದಲೇ ಪಟ್ಟಿ ಮಾಡಿದ್ದರು. ಮೀಟರು ಮಾಲೀಕರ ಹೆಸರಿನಲ್ಲಿತ್ತು. ಹೀಗಾಗಿ ಆಕ್ಷೇಪಣೆ ಅವರದಾಯಿತು, ಆ ಚೌಕದೊಳಗಿನಿಂದ ಬಂದ ಏಕೈಕ ಆಕ್ಷೇಪಣೆ. ಕಚೇರಿ ಆಕ್ಷೇಪಿಸಿದವರ ಪಟ್ಟಿ ಕೊಟ್ಟಿತು, ಪಟ್ಟಿಯಲ್ಲಿದ್ದಂತೆ ನಾವು ಪತ್ರಿಕೆಯಲ್ಲಿ ಹಾಕಿದೆವು. ಜಾಗದ ಒಡೆಯರೇ ಬೇಡವೆಂದ ಮೇಲೆ ಕೋರ್ಟಿನ ರಗಳೆ ಯಾಕೆಂದು ಎಂಜಿನಿಯರುಗಳು ಚೌಕವನ್ನು ರಸ್ತೆಯಾಚೆಯ ಸರ್ಕಾರಿ ಜಾಗಕ್ಕೆ ಸರಿಸಿದರು.

ಮಾಲೀಕರು ಪತ್ರಿಕೆ ಹಿಡಿದು ಯೋಜನಾ ಕಚೇರಿಗೆ ಹೋದರು. ಹಿಂದೆಯೇ ನಾನೂ ಹೋದೆ.

“ನಾನ್ ಯಾವಾಗ್ ಸ್ವಾಮಿ ಬೇಡ ಅಂದೆ? ವಾಪಸ್ ತಗೋತೀನಿ, ಕೊಡಿ ಇಲ್ಲಿ.”

“ವಾಪಸ್ ತಗೊಳ್ಳೋಕೆ ಫಾರಂ ಇಲ್ಲ ಯಜಮಾನ್ರೆ,” ಎಂದರು ಗುಮಾಸ್ತರು.

ಫಾರಂನಲ್ಲಿದ್ದ ಮೀಟರ್ ನಂಬರು ನೋಡಿ ಮಾಲೀಕರು ಅಲ್ಲಿಂದ ನೇರ ವಠಾರಕ್ಕೆ ಬಂದು, ಕೋಣೆ ಖಾಲಿ ಮಾಡು ಎಂದು ಆಕೆಗೆ ಹೇಳಿದರು. ಆಕೆ ತವಾದ ಮೇಲಿನ ರೊಟ್ಟಿ ತಿರುವಿದರು.

“ಬಾಡಿಗಿ ಮಂದಿ ಸಲುವಾಗಿ ಗೌಡ್ರು ನಿಂತ್ರು ಅಂತ ಓಣಿ ತುಂಬ ಮಾತಾಡಾಕತ್ತಾರ್ರಿ. ಈಗ ನಮ್ಮನ್ನ ಹೊರಗ ಹಾಕಿದ್ರ ನಿಮಗ ಏನಂದಾರ್ರೀ?”

ಊಟಕ್ಕೆ ಕೂತಿದ್ದ ಗಾರೆಯವರು ಅಷ್ಟರಲ್ಲಿ ಎದ್ದು ಕೈಮುಗಿದಿದ್ದರು. ಹಿರಿಯನೊಬ್ಬ, “ದೇವ್ರಂಥವ್ರು ನೀವು,” ಎಂದ. ಮಾಲೀಕರು ಒಮ್ಮೆ ಅವರನ್ನು, ಒಮ್ಮೆ ನನ್ನ ಕೈಯ ನೋಟ್‌ಬುಕ್ಕನ್ನು ನೋಡಿದರು. ಯಾರೋ ಸ್ಟೂಲು ಹಾಕಿದರು, ಕೂತರು. ಆಕೆ ಮುಂದೆ ರೊಟ್ಟಿಯ ತಟ್ಟೆ ಇಟ್ಟರು.

“ಪೇಪರ್‌ನವ್ರಲ್ವಾ ನೀವು,” ಎಂದರು ನನಗೆ. “ನನ್ ಇನಿಷಿಯಲ್ ತಪ್ಪಾಗ್ ಹಾಕಿದ್ದೀರ. ಸರಿ ಮಾಡಿ.”

“ಬೇರೆ ಏನಾದ್ರೂ ತಪ್ಪಿದೆಯಾ?”

ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಇನಿಷಿಯಲ್ ಅಷ್ಟೇ.”

ಮರುದಿನ ತಿದ್ದುಪಡಿ ಪ್ರಕಟವಾಯಿತು. ವಿಷಾದವನ್ನೂ ವ್ಯಕ್ತಪಡಿಸಿದ್ದೆವು.