ಬಾವಿಯ ಹೂಳಲ್ಲಿ ಸಿಕ್ಕ ಕಬ್ಬಿಣ

ಮೂರು ದಿನದಿಂದ ನಲ್ಲಿಯಲ್ಲಿ ಹನಿ ನೀರಿಲ್ಲವೆಂದು ಜಗಳ ಕಾಯಲು ಪಾವಾಯಿ ಪಂಚಾಯಿತಿ ಕಚೇರಿಗೆ ಹೋದಳು. ಅವಳ ಜಗಳಕ್ಕೆ ಕಿವಿಗೊಡುವವರೇ ಅಲ್ಲಿರಲಿಲ್ಲ. ಕಾರೈವಲಸು ಊರಿನ ಹತ್ತಿಪ್ಪತ್ತು ಜನ ಅಧ್ಯಕ್ಷೆ ತುಳಸಿಮಣಿಯ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಹಿಂದಿನ ದಿನ ಸರ್ಕಾರದ ನೂರು ದಿನದ ಕೂಲಿ ಕೆಲಸದವರು ಊರಾಚೆಯ ಹಾಳುಬಾವಿಯ ಹೂಳೆತ್ತುವಾಗ ಸಿಕ್ಕಿದ ಕಬ್ಬಿಣವೊಂದು ಮೇಜಿನ ಮೇಲಿತ್ತು. ಊಟದ ತಟ್ಟೆಯಗಲದ ಒಂದು ಬಳೆ, ಅದರಿಂದ ಇಳಿಬಿದ್ದ ಸರಪಳಿಗಳು, ಒಂದೊಂದರ ತುದಿಗೂ ಮೂರು ಮೂರು ಕೊಕ್ಕೆ. ತುಕ್ಕು ಹಿಡಿದು ಎಲ್ಲ ಒಂದೇ ಮುದ್ದೆಯಾಗಿತ್ತು.

"ಪಾಳೇಗಾರರ ಕಾಲದ ಆಯುಧ ಇದು. ಬೀಸಿ ಎಸೆದರೆ ಕುದುರೆ ಕಾಲಿಗೆ ಸುತ್ಕೊಳ್ಳುತ್ತೆ" ಎಂದರು ಶಾಲೆಯ ಮೇಷ್ಟ್ರು ಸೆಂಗೋಡನ್. ಈರೋಡು ಪೇಟೆಯಲ್ಲಿ ಬೆಳೆದವರು. ಆಗಲೇ ಫೋಟೋ ತೆಗೆದು ನಾಲ್ಕು ಕಡೆ ಕಳಿಸಿದ್ದರು.

"ಹಡಗಿನ ಲಂಗರು ಕಣ್ರೀ, ಸಿನಿಮಾದಲ್ಲಿ ನೋಡಿದೀನಿ" ಎಂದ ಟ್ರ್ಯಾಕ್ಟರ್ ಓಡಿಸುವ ನಾಚಿಮುತ್ತು.

"ಹೌದಪ್ಪ, ನಿಮ್ಮಜ್ಜ ಈ ಕಲ್ಲುಹೊಲದಲ್ಲಿ ಹಡಗು ನಡೆಸ್ತಿದ್ದ!" ಎಂದು ಗುಂಪಿನಲ್ಲಿ ಯಾರೋ ಅಣಕಿಸಿದರು.

ಪಾವಾಯಿ ಜನರ ನಡುವೆ ತೂರಿ ಇಣುಕಿದಳು. ಎಪ್ಪತ್ತಾರರ ಮುದುಕಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಓದಿಗಿಷ್ಟು! ಇದು ಪಾತಾಳಗರಡಿ ಕಣ್ರೋ. ಬಾವಿಗೆ ಬಿದ್ದ ಕೊಡ ಎತ್ತೋದು."

"ಅಷ್ಟು ಗಟ್ಟಿಯಾಗಿ ಹೆಂಗೆ ಹೇಳ್ತೀಯಾ ಆತ್ತಾ?" ಮೇಷ್ಟ್ರು ಬಿಡಲಿಲ್ಲ. ಹಿರಿಯ ಹೆಂಗಸರನ್ನು ಆ ಕಡೆ ಆತ್ತಾ ಎಂದೇ ಕರೆಯುವುದು.

"ನಡುವಿನ ಸರಪಳಿ ಕೆರೆದು ನೋಡಿ. ತಾಮ್ರದ ತಂತಿ ಸುತ್ತಿರುತ್ತೆ. ಸುತ್ತಿದ್ದು ನಾನೇ."

ನಾಚಿಮುತ್ತು ಚಾಕುವಿನಿಂದ ಕೆರೆದ. ತುಕ್ಕಿನಡಿಯಿಂದ ಹಸಿರುಗಟ್ಟಿದ ತಂತಿ ಕಾಣಿಸಿತು. ಎಲ್ಲರೂ ಮುದುಕಿಯ ಮುಖ ನೋಡಿದರು.

ಪಾವಾಯಿ ಹದಿನಾರಕ್ಕೆ ಈ ಊರಿನ ಸೊಸೆಯಾದವಳು. ಬಂದ ಮೂರನೇ ದಿನವೇ ಅತ್ತೆಯ ಹಿತ್ತಾಳೆ ಕೊಡವನ್ನು ಬಾವಿಗೆ ಬೀಳಿಸಿ ಅಳುತ್ತ ನಿಂತಿದ್ದಳು. ಅತ್ತೆ ಬೈಯಲಿಲ್ಲ. ಅಟ್ಟದಿಂದ ಪಾತಾಳಗರಡಿ ಇಳಿಸಿ ಹಗ್ಗವನ್ನು ಅವಳ ಕೈಗಿತ್ತು, "ಕಣ್ಮುಚ್ಚು. ಬಾವಿಯ ತಳ ಕೈಗೆ ಕಾಣಬೇಕು" ಎಂದಿದ್ದಳು. ಕಲ್ಲಿಗೆ ತಾಗಿದರೆ ಹಗ್ಗ ಜಗ್ಗುತ್ತದೆ, ಕೆಸರಾದರೆ ಹೀರುತ್ತದೆ, ಕೊಡವಾದರೆ ಸಣ್ಣಗೆ ನಡುಗುತ್ತದೆ. ಆ ನಡುಕ ತಿಳಿಯಲು ಅವಳಿಗೆ ಒಂದು ವರ್ಷ ಹಿಡಿಯಿತು. ಅತ್ತೆಯ ನಂತರ ಸುತ್ತಲಿನ ಊರುಗಳವರೂ ಅವಳನ್ನೇ ಕರೆಯುತ್ತಿದ್ದರು. ಕೊಡ, ತಂಬಿಗೆ, ಕಾಲಂದುಗೆ, ಗಂಡಹೆಂಡಿರ ಜಗಳದಲ್ಲಿ ಹಾರಿಬಿದ್ದ ರೇಡಿಯೋ, ಎಲ್ಲವೂ ಅವಳ ಕೈಯಲ್ಲಿ ಮೇಲೆ ಬಂದವು. ಕೂಲಿಯೆಂದು ಕೇಳಿದವಳಲ್ಲ. ಆ ಮನೆಯಲ್ಲಿ ಸಜ್ಜೆ ಅಂಬಲಿಯಿದ್ದರೆ ಅಂಬಲಿ, ಶಾವಿಗೆಯಿದ್ದರೆ ಶಾವಿಗೆ, ಉಂಡು ಬರುತ್ತಿದ್ದಳು.

"ಮತ್ತೆ ಬಾವಿಯೊಳಗೆ ಹೇಗೆ ಹೋಯ್ತು?" ಎಂದರು ಮೇಷ್ಟ್ರು.

ಪಾವಾಯಿ ತುಳಸಿಮಣಿಯತ್ತ ಒಮ್ಮೆ ನೋಡಿ, "ಹಗ್ಗ ಕಿತ್ತೋಯ್ತು" ಎಂದಷ್ಟೇ ಹೇಳಿದಳು.

ಜನ ಚದುರಿದರೂ ಅವಳು ಕದಲಲಿಲ್ಲ.

"ಮೋಟಾರು ಸುಟ್ಟಿದೆ ಆತ್ತಾ, ನಾಳೆ ರಿಪೇರಿಯವನು ಬರ್ತಾನೆ" ಎಂದಳು ತುಳಸಿಮಣಿ.

"ನೀರಿನ ಮಾತು ಬಿಡು ಅಮ್ಮಿಣಿ" ಎಂದಳು ಪಾವಾಯಿ, ಮಗಳನ್ನು ಕರೆದಂತೆ. "ಹಗ್ಗ ಕಿತ್ತೋಗಿರಲಿಲ್ಲ. ನಾನೇ ಎಸೆದೆ."

ತುಳಸಿಮಣಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. ಅದು ಅವಳ ತಾಯಿ ಮಾರಾತ್ತಾ ಸತ್ತ ಬಾವಿ. ಆಗ ಇವಳಿಗೆ ಐದು ವರ್ಷ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೋದರಮಾವ ಧಾರಾಪುರಕ್ಕೆ ಕರೆದೊಯ್ದಿದ್ದ. ಮತ್ತೆ ಈ ಊರಿಗೆ ಬಂದದ್ದು ಸೊಸೆಯಾಗಿ. ನಿಮ್ಮಮ್ಮ ನಿನ್ನನ್ನು ಬಿಟ್ಟು ಬಾವಿಗೆ ಹಾರಿದಳು ಎನ್ನುವ ಮಾತನ್ನು ಕೇಳುತ್ತಲೇ ಬೆಳೆದವಳು. ಹೂಳೆತ್ತುವ ಕಾಗದಕ್ಕೆ ಸಹಿ ಮಾಡಿದ್ದಳೇ ಹೊರತು ಬಾವಿಯ ಹತ್ತಿರ ಸುಳಿದಿರಲಿಲ್ಲ.

"ಆ ಬಾವಿಗೆ ಕಟ್ಟೆ ಇರಲಿಲ್ಲ" ಪಾವಾಯಿ ಮೆಲ್ಲಗೆ ಹೇಳಿದಳು. "ಅಡ್ಡಗಲ್ಲಿನ ಮೇಲೆ ನಿಂತು, ಬಗ್ಗಿ ಸೇದಬೇಕು. ಅವತ್ತು ಗಂಡಸರು ನನ್ನ ಕರೆಸಿ ಗರಡಿ ಇಳಿಸು ಅಂದ್ರು. ಮೊದಲು ಕೊಡ ಬಂತು. ಅದರ ಕುತ್ತಿಗೇಲಿ ನಾಲ್ಕು ಮೊಳ ಹಗ್ಗ, ತುದಿ ಎಳೆಎಳೆಯಾಗಿ ಕಿತ್ತಿತ್ತು. ಆಮೇಲೆ ನಿಮ್ಮಮ್ಮ ಬಂದ್ಲು. ಉಳಿದ ತುಂಡು ಅವಳ ಮುಂಗೈಗೆ ಸುತ್ಕೊಂಡೇ ಇತ್ತು. ಸಾಯೋಕೆ ಹೋದವಳು ನೀರು ಸೇದ್ತಾ ನಿಲ್ತಾಳಾ? ಹಳೇ ಹಗ್ಗ ಕಿತ್ತು ಆಯತಪ್ಪಿ ಬಿದ್ಲು. ನಾನು ಅವತ್ತೇ ಕೂಗಿ ಹೇಳಿದೆ. ಹಿಂದಿನ ದಿನ ನಿಮ್ಮನೇಲಿ ಜಗಳ ಆಗಿತ್ತಲ್ಲ, ಊರಿಗೆ ಅಷ್ಟೇ ಸಾಕಾಗಿತ್ತು. ನನ್ನ ಮಾತು ಯಾರ ಕಿವಿಗೆ ಬಿತ್ತು?"

ತುಳಸಿಮಣಿ ಮೇಜಿನ ಮೇಲಿದ್ದ ಕೊಕ್ಕೆಯೊಂದನ್ನು ಬೆರಳಿಂದ ಮುಟ್ಟಿದಳು.

"ಎಸೆದಿದ್ದು ಯಾಕೆ?"

"ಅವಳ ಮೈಗೆ ತಾಗಿದ ಕೊಕ್ಕೇನ ಮತ್ತೆ ಯಾರ ಕೊಡಕ್ಕೆ ಇಳಿಸಲಿ ಹೇಳು? ನಾಲ್ಕು ದಿನ ಬಿಟ್ಟು ಒಬ್ಬಳೇ ಹೋಗಿ ಹಾಕಿ ಬಂದೆ."

"ನಂಗೆ ಹೇಳಬಹುದಿತ್ತು ಆತ್ತಾ. ನಾನು ಇಲ್ಲಿಗೆ ಬಂದೇ ಮೂವತ್ತು ವರ್ಷ ಆಯ್ತು."

"ಎರಡು ಸಲ ನಿನ್ನ ಬಾಗಿಲವರೆಗೂ ಬಂದೆ. ನೀನು ನಗ್ತಾ ಓಡಾಡ್ಕೊಂಡಿದ್ದೆ. ಮರೆತಿದಾಳೆ, ಯಾಕೆ ಕೆದಕಲಿ ಅನ್ಕೊಂಡೆ. ತಪ್ಪಾಯ್ತು."

"ಮರೆತಿರಲಿಲ್ಲ" ಎಂದಳು ತುಳಸಿಮಣಿ. ಕಣ್ಣೊರೆಸಿಕೊಳ್ಳಲು ಸೆರಗು ಹುಡುಕಿದಳು.

ಪಾತಾಳಗರಡಿಯನ್ನು ಮನೆಗೊಯ್ಯಲು ಪಾವಾಯಿ ಒಪ್ಪಲಿಲ್ಲ. ಅದು ಶಾಲೆಗೆ ಹೋಯಿತು. ಸೆಂಗೋಡನ್ ಮೇಷ್ಟ್ರು ಸೀಮೆಎಣ್ಣೆ ಹಾಕಿ ತಾವೇ ಉಜ್ಜಿ ಗೋಡೆಗೆ ತೂಗುಹಾಕಿದರು. ಆಯುಧದ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತುಳಸಿಮಣಿ ಪಾವಾಯಿಯ ಕೈಹಿಡಿದು ಬಾವಿಗೆ ಹೋದಳು. ಕೆಳಗೆ ಹೆಂಗಸರು ಮಂಕರಿಯಿಂದ ಮಂಕರಿಗೆ ಮಣ್ಣು ದಾಟಿಸುತ್ತಿದ್ದರು. ಇಬ್ಬರೂ ಬೇವಿನ ನೆರಳಲ್ಲಿ ಕೂತರು.

"ಅಮ್ಮ ಹೆಂಗಿದ್ಲು ಆತ್ತಾ? ನಂಗೆ ಮುಖ ಕೂಡ ಸರಿಯಾಗಿ ನೆನಪಿಲ್ಲ."

"ಬಾಯಾಳಿ!" ಪಾವಾಯಿ ಕಾಲು ಚಾಚಿಕೊಂಡಳು. "ಒಂದು ಕೊಡ ನೀರಿಗೆ ಬಂದ್ರೆ ಒಂದು ಗಂಟೆ ಮಾತು. ಒಂದಿನ ಏನಾಯ್ತು ಗೊತ್ತಾ..."