ಹತ್ತು ಲಕ್ಷದ ಮೇಲೊಂದು

ಗಿರಾಕಿಗಳ ಅಳತೆಯಲ್ಲಿ ದರ್ಜಿಯ ಕೈ ತಪ್ಪಿದ್ದು ಕಡಿಮೆ. ತನ್ನ ಬುದ್ಧಿಯನ್ನು ಅಳೆಯುವಾಗ ಮಾತ್ರ ಟೇಪು ಒಂದು ಗೇಣು ಹೆಚ್ಚೇ ತೋರಿಸುತ್ತಿತ್ತು ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಐವತ್ತು ದಾಟಿದ ಮೇಲೆ ಅವನಿಗೆ ಅವಿಭಾಜ್ಯ ಸಂಖ್ಯೆಗಳ ಹುಚ್ಚು ಹಿಡಿಯಿತು. ಗುಂಡಿ ಕಟ್ಟಿಕೊಟ್ಟಿದ್ದ ಹಳೇ ಪತ್ರಿಕೆಯ ಚೂರಿನಲ್ಲಿ ಓದಿದ್ದ: ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ. ಶಾಲೆಯಲ್ಲಿ ಗಣಿತದ ಗಂಟೆಗೆ ಸರಿಯಾಗಿ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವನಿಗೆ ಅದೇಕೋ ಮನಸ್ಸಿಗೆ ನಾಟಿತು. ಅಂಥದ್ದೊಂದು ದೊಡ್ಡ ಸಂಖ್ಯೆ ತನ್ನದೂ ಇರಲಿ ಎಂದು 1000001 ಅನ್ನು ಆರಿಸಿಕೊಂಡ. ಎರಡು ತುದಿಗೆ ಎರಡು ಒಂದು, ನಡುವೆ ಸೊನ್ನೆಗಳು. ಅಂಗಿಯ ಗುಂಡಿಪಟ್ಟಿಯಷ್ಟು ಅಚ್ಚುಕಟ್ಟು.

ಕತ್ತರಿಸುವ ಮೇಜಿನ ತುಂಬ ಸೀಮೆಸುಣ್ಣದಲ್ಲಿ ಭಾಗಾಕಾರ ಮಾಡಿದ. ಮೂರು, ಏಳು, ಹನ್ನೊಂದು, ಹದಿಮೂರು, ಈ ನಾಲ್ಕರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಎರಡೇ. ಮುಂದಿನವುಗಳಲ್ಲೂ ಏನಾದರೊಂದು ಉಳಿದೇ ಉಳಿಯಿತು. ತೊಂಬತ್ತೇಳಕ್ಕೆ ಬರುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ನೂರರೊಳಗೆ ಯಾರಿಗೂ ಬಗ್ಗದ್ದು ಇನ್ಯಾರಿಗೆ ಬಗ್ಗೀತು ಎಂದು ತೀರ್ಪು ಕೊಟ್ಟು, '1000001 ಟೈಲರ್ಸ್' ಎಂದು ಬೋರ್ಡು ಬರೆಸಿಬಿಟ್ಟ.

"ಇದೇನ್ರೀ, ಫೋನ್ ನಂಬರ್ ಇದ್ದ ಹಾಗಿದೆ" ಎಂದಳು ಹೆಂಡತಿ.

"ನಿಂಗೆ ಗೊತ್ತಾಗಲ್ಲ ಬಿಡು. ಇದನ್ನ ಒಡೆಯೋ ಗಂಡು ಹುಟ್ಟಿಲ್ಲ."

ಬಂದ ಗಿರಾಕಿಗಳಿಗೆಲ್ಲ ಅದರ ಮಹಿಮೆ ಹೇಳಿದ. ಅಳತೆಗೆಂದು ಅವರ ಕುತ್ತಿಗೆಗೆ ಟೇಪು ಸುತ್ತಿರುತ್ತಿದ್ದುದರಿಂದ ಅವರೂ ಹೂಂಗುಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಅವನ ಅಕ್ಕ ಕೋಟಿನ ತೋಳು ಸಡಿಲ ಮಾಡಿಸಲು ಬಂದಳು. ಪೂರ್ತಿ ಕೇಳಿಸಿಕೊಂಡು, "ಎಲ್ಲೀವರೆಗೂ ನೋಡ್ದೆ?" ಎಂದಳು.

"ತೊಂಬತ್ತೇಳು. ಸಾಕು ಅನ್ನಿಸ್ತು ಕಣಕ್ಕಾ."

"ಚಿಕ್ಕೋನಿದ್ದಾಗ ಹಲ್ಲುಜ್ಜೋದೂ ಹೀಗೇ. ಮುಂದಿನ ನಾಲ್ಕು ಉಜ್ಜಿ ಓಡಿಬರ್ತಿದ್ದೆ. ಇನ್ನೊಂದು ಮಾಡು, ನೋಡೋಣ."

ಮುಂದಿನ ಅವಿಭಾಜ್ಯ ನೂರಾ ಒಂದು. ಅಕ್ಕನ ಎದುರು ಠೀವಿಯಿಂದಲೇ ಭಾಗಿಸಿದ. ಒಂಬತ್ತು, ಒಂಬತ್ತು, ಸೊನ್ನೆ, ಒಂದು. ಶೇಷ ಸೊನ್ನೆ. ಅಳಿಸಿ ಮತ್ತೆ ಮಾಡಿದ. ಮತ್ತೆ ಸೊನ್ನೆ.

"ಗಂಡು ಹುಟ್ಟೋದೇನೂ ಬೇಕಾಗಿರಲಿಲ್ಲ, ಅತ್ತಿಗೇನೇ ಸಾಕಾದ್ರು" ಎಂದಳು ಹೆಂಡತಿ, ಕಾಜಾ ಹೊಲಿಯುತ್ತಲೇ.

ದರ್ಜಿಯ ಕಿವಿ ಬಿಸಿಯಾಯಿತು. ಬೀದಿಗೆಲ್ಲ ಡಂಗುರ ಸಾರಲು ಇದ್ದ ಉಸಿರು ಇನ್ನೊಂದೇ ಒಂದು ಭಾಗಾಕಾರಕ್ಕೆ ಇರಲಿಲ್ಲವಲ್ಲ ಎನ್ನಿಸಿ, ಆಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಬೋರ್ಡನ್ನು ಬದಲಿಸಲಿಲ್ಲ. ಯಾರಾದರೂ ಕೇಳಿದರೆ, "ನೂರಾ ಒಂದರಿಂದ ಹೋಗುತ್ತೆ ಸಾರ್, ನಂಗೆ ಅಷ್ಟು ದೂರ ಹೋಗೋಕೆ ಆಗ್ಲಿಲ್ಲ" ಎನ್ನುತ್ತಿದ್ದ.

ಆದರೆ ಕೈಯಲ್ಲಿ 9901 ಉಳಿದಿತ್ತಲ್ಲ, ಅದನ್ನು ಹಿಡಿದುಕೊಂಡ. ಅದೂ ತೊಂಬತ್ತೇಳರವರೆಗೆ ಯಾವುದಕ್ಕೂ ಬಗ್ಗಲಿಲ್ಲ. ಈ ಸಲ ನಿಜಕ್ಕೂ ಅಲ್ಲಿಗೇ ನಿಲ್ಲಿಸಬಹುದಿತ್ತು: ನೂರಕ್ಕಿಂತ ದೊಡ್ಡದರಿಂದ ಅದು ಭಾಗವಾಗುವುದಾದರೆ, ಬರುವ ಉತ್ತರ ನೂರಕ್ಕಿಂತ ಚಿಕ್ಕದಾಗಿರಬೇಕು, ಚಿಕ್ಕವನ್ನೆಲ್ಲ ಅವನು ಆಗಲೇ ನೋಡಿಯಾಗಿತ್ತು. ಆದರೆ ಒಮ್ಮೆ ಬಾಯಿ ಸುಟ್ಟುಕೊಂಡವನು ನಿಲ್ಲಿಸಲಿಲ್ಲ. ಕೋಟು ಒಯ್ಯಲು ಅಕ್ಕ ಬಂದಾಗ ಮುನ್ನೂರು ದಾಟಿದ್ದ, ತೋಳು ಮುಟ್ಟಿರಲಿಲ್ಲ.

"ಇನ್ನೂ ಎಷ್ಟಿದೆ?"

"ಒಂಬತ್ತು ಸಾವಿರದ ಚಿಲ್ಲರೆ ಅಕ್ಕಾ."

ಅಕ್ಕ ಅವನನ್ನು ಸ್ಟೂಲಿನಿಂದ ಎಬ್ಬಿಸಿ, ಮಿಷನ್ನಿಗೆ ತಾನೇ ದಾರ ಪೋಣಿಸಿಕೊಂಡಳು.